ನಿನ್ನ ಮೇಲ್‌ಗೆ ಬಂದ ನನ್ನ ರಿಪೋರ್ಟು

ಅಕ್ಕಾ,

ನಿನ್ನ ವಿಳಾಸಕ್ಕೆ ಒಂದು ಮೇಲ್ ಬಂದಿದೆ. ನೀನು ಹೋದ ಮೇಲೂ ನಿನಗೆ ಮೇಲ್ ಬರುವುದು ನಿಂತಿಲ್ಲ. ಸೀರೆ ಅಂಗಡಿಯವರು, ವಿಮೆಯವರು, ಮನೆಯಲ್ಲೇ ಕೂತು ಕೆಲಸ ಮಾಡಿ ಅನ್ನುವವರು, ಎಲ್ಲರೂ ನೀನು ಇನ್ನೂ ಇದ್ದೀಯ ಅಂದುಕೊಂಡೇ ಬರೆಯುತ್ತಾರೆ. ಅವರನ್ನು ತಿದ್ದಲು ನಾನು ಹೋಗಿಲ್ಲ. ಆದರೆ ಇದು ಅಂಥದ್ದಲ್ಲ. ಇದು ಸ್ಕ್ಯಾನಿಂಗ್ ಸೆಂಟರಿನಿಂದ ಬಂದದ್ದು, ಒಳಗಿರುವ ರಿಪೋರ್ಟು ನನ್ನದು. ಅದು ನಿನಗೆ ಯಾಕೆ ಬಂತು, ಅದನ್ನು ತೆರೆಯಲು ನಾನು ಎಷ್ಟು ಒದ್ದಾಡಿದೆ, ಎಲ್ಲ ಹೇಳುತ್ತೇನೆ. ಬೇರೆ ಯಾರಿಗೆ ಹೇಳಲಿ? ಹೇಳಿದರೆ ಅವರು ನನ್ನನ್ನು ನೋಡುವ ರೀತಿಯೇ ಬೇರೆಯಾಗುತ್ತದೆ. ನಿನ್ನನ್ನು ನೋಡುತ್ತಿದ್ದರಲ್ಲ ಕೊನೆಕೊನೆಗೆ, ಹಾಗೆ.

ಆ ಮೇಲ್ ಐಡಿ ಮಾಡಿದ ದಿನ ನೆನಪಿದೆಯಾ? ಪೀಣ್ಯದ ರಟ್ಟಿನ ಡಬ್ಬದ ಕಾರ್ಖಾನೆಯ ಆಫೀಸಿನಲ್ಲಿ ಆಗಷ್ಟೇ ನಿನಗೆ ಕೆಲಸ ಸಿಕ್ಕಿತ್ತು. ಚಿಕ್ಕಬಾಣಾವರದ ಈ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ "ನಮ್ಮನೆಗೂ ಒಂದು ಮೇಲ್ ಮಾಡ್ಬಿಟ್ಟೆ ಕಣೇ" ಎಂದೆ, ಮನೆಗೆ ನಲ್ಲಿ ಹಾಕಿಸಿಕೊಂಡು ಬಂದವಳ ಹಾಗೆ. ಆಗಿನ್ನೂ ಇದ್ದ ಅಪ್ಪನ ಗ್ಯಾಸ್, ಅಮ್ಮನ ಆಧಾರ್, ಭಾವನ ಲಾರಿ ಲೈಸೆನ್ಸು, ನನ್ನ ಪಿ.ಎಫ್., ಎಲ್ಲದಕ್ಕೂ ಅದೇ ಐಡಿ. ಮನೆಗೆ ಯಾರು ಹೊಸ ಫೋನ್ ತಂದರೂ ನೀನೇ ಕಿತ್ತುಕೊಂಡು ಅದನ್ನೇ ಹಾಕುತ್ತಿದ್ದೆ. ಪಾಸ್‌ವರ್ಡು ಮಗಳು ಚೈತ್ರಳನ್ನು ತೊಟ್ಟಿಲಲ್ಲಿ ತೂಗುವಾಗ ನೀನು ಕರೆಯುತ್ತಿದ್ದ ಮುದ್ದಿನ ಹೆಸರು. "ಒಂದ್ ಮನೆಗೆ ಎಷ್ಟ್ ಬೇಕೇ ಮೇಲ್? ಒಂದೇ ಸಾಕು." ನೀನು ಹೋದ ಮೇಲೆ ರೇಷನ್ ಕಾರ್ಡಿನಿಂದ ನಿನ್ನ ಹೆಸರು ತೆಗೆಸಿದೆವು, ಬ್ಯಾಂಕಿನಿಂದ ತೆಗೆಸಿದೆವು. ಮೇಲ್ ಮಾತ್ರ ಹಾಗೇ ಉಳಿಯಿತು. ತೆಗೆಯುವುದು ಹೇಗೆಂದು ನನಗೆ ಗೊತ್ತಿರಲಿಲ್ಲ, ಗೊತ್ತಿದ್ದರೆ ಮಾತ್ರ ತೆಗೆಯುತ್ತಿದ್ದೆನಾ...

ಯುಗಾದಿಯ ಎಣ್ಣೆ ಸ್ನಾನದ ದಿನ ನೀನು ನನ್ನ ಬೆನ್ನಿಗೆ ಎಣ್ಣೆ ತಿಕ್ಕುತ್ತಾ ಬೈಯುತ್ತಿದ್ದುದು ಪ್ರತಿ ವರ್ಷ ನೆನಪಾಗುತ್ತದೆ. ಈ ಸಲ ನಾನೇ ಹಚ್ಚಿಕೊಳ್ಳುತ್ತಿದ್ದೆ. ಬಲಗಡೆ ಎದೆಯ ಮಗ್ಗುಲಲ್ಲಿ, ಕಂಕುಳ ಹತ್ತಿರ, ಬೆರಳಿಗೆ ಏನೋ ಸಿಕ್ಕಿತು. ಹುಣಸೆ ಬೀಜದಷ್ಟು. ನನ್ನ ಕೆಲಸ ನಿನಗೆ ಗೊತ್ತಲ್ಲ, ಸ್ಪ್ರಿಂಗ್ ಕಾರ್ಖಾನೆಯ ತಪಾಸಣೆ ಟೇಬಲ್ಲಿನಲ್ಲಿ ದಿನವಿಡೀ ಕೂತು, ಕಣ್ಣಿಗೆ ಕಾಣದ ಗೀರು ಗಂಟುಗಳನ್ನು ಬೆರಳ ತುದಿಯಲ್ಲೇ ಹುಡುಕುವುದು. ಆ ಬೆರಳು ಸುಳ್ಳು ಹೇಳುವುದಿಲ್ಲ. ಆದರೂ ಅಂದು ಬೇರೆ ಬೆರಳಲ್ಲಿ ಮುಟ್ಟಿ ನೋಡಿದೆ, ಎಡಗೈಯಲ್ಲಿ ಮುಟ್ಟಿ ನೋಡಿದೆ. ಬಚ್ಚಲ ನೆಲದ ಮೇಲೆ ಕೂತುಬಿಟ್ಟೆ. ಹೊರಗೆ ಚೈತ್ರ "ಚಿಕ್ಕಮ್ಮ, ನೀರು ಆರೋಗ್ತಿದೆ, ಬೇಗ ಬಾ" ಎಂದು ಕೂಗುತ್ತಿದ್ದಳು. ನಿನ್ನ ಗಂಟನ್ನು ನೀನು ಮೊದಲು ತೋರಿಸಿದ್ದು ನನಗೇ ಅಲ್ಲವಾ? ಅದೇ ಜಾಗ, ಅದೇ ಬಲಗಡೆ.

ನಿನ್ನನ್ನು ಕರೆದುಕೊಂಡು ಹೋಗಿದ್ದ ಸ್ಕ್ಯಾನಿಂಗ್ ಸೆಂಟರಿಗೇ ಹೋದೆ. ದಾರಿ ಗೊತ್ತಿದ್ದದ್ದು ಅದೊಂದೇ. ಯಾರಿಗೂ ಹೇಳಲಿಲ್ಲ. ಭಾವ ಲಾರಿ ತೆಗೆದುಕೊಂಡು ಗುಜರಾತಿನ ಕಡೆ ಹೋಗಿದ್ದರು. ಚೈತ್ರಳಿಗೆ ಡಿಗ್ರಿಯ ಮೊದಲ ವರ್ಷದ ಪರೀಕ್ಷೆ ಹತ್ತಿರವಿತ್ತು. ಅವಳ ಮುಂದೆ ಹೇಗೆ ಹೇಳಲಿ? ಅಮ್ಮನನ್ನು ಕಳೆದುಕೊಂಡ ಹುಡುಗಿ ಈಗಷ್ಟೇ ರಾತ್ರಿ ದೀಪ ಆರಿಸಿ ಮಲಗುವುದನ್ನು ಕಲಿತಿದ್ದಾಳೆ. ನಾನೂ ಹೋದರೆ ಅವಳಿಗೆ ಮನೆ ಅಂತ ಏನು ಉಳಿಯುತ್ತದೆ, ಅಪ್ಪನ ಲಾರಿಯಾ? ಇದೊಂದು ಯೋಚನೆ ನನ್ನನ್ನು ತಿಂದುಹಾಕಿತು. ಗಂಟಿಗೆ ಸೂಜಿ ಹಾಕಿ ಪರೀಕ್ಷೆಗೆ ಒಂದಿಷ್ಟು ತೆಗೆದುಕೊಂಡರು. ಕೌಂಟರಿನ ಹುಡುಗಿ "ರಿಪೋರ್ಟ್ ಮೇಲ್ ಮಾಡ್ತೀವಿ, ಐಡಿ ಹೇಳಿ ಮೇಡಂ" ಎಂದಳು. ನನ್ನ ಬಾಯಿಗೆ ಬಂದದ್ದು ನಿನ್ನದು. ನನಗೆ ಬೇರೆ ಐಡಿ ಇದ್ದರೆ ತಾನೇ?

ಶನಿವಾರ ಊಟದ ಗಂಟೆ ಹೊಡೆದಾಗ ಫೋನ್ ಟಿಣ್ ಎಂದಿತು. ಡಬ್ಬಿ ಅರ್ಧಕ್ಕೆ ಮುಚ್ಚಿ, ಕಾರ್ಖಾನೆಯ ಹಿಂದೆ ತುಕ್ಕು ಹಿಡಿದ ಡ್ರಮ್ಮುಗಳನ್ನು ಪೇರಿಸಿದ್ದಾರಲ್ಲ, ಅಲ್ಲಿ ಹೋಗಿ ನಿಂತೆ. ಸೋಮವಾರ ಡಾಕ್ಟರ್ ಸಹಿ ಮಾಡಿದ ಪ್ರತಿ ಸಿಗುತ್ತದೆ, ಈಗ ಟೈಪ್ ಮಾಡಿದ್ದನ್ನು ಕಳಿಸಿದ್ದೇವೆ ಅಂತ ಬರೆದಿತ್ತು. ಕೆಳಗೆ ಒಂದು ವರ್ಡ್ ಫೈಲು. ಒತ್ತಿದೆ. ಈ ಫೈಲ್ ತೆರೆಯುವ ಆಪ್ ನಿಮ್ಮಲ್ಲಿಲ್ಲ ಎಂದಿತು. ಆಪ್ ಇಳಿಸಲು ಹೋದರೆ ಜಾಗವಿಲ್ಲ ಎಂದಿತು. ನನ್ನ ಫೋನು ನಿನಗೆ ಗೊತ್ತೇ ಇದೆ, ಗುಡ್ ಮಾರ್ನಿಂಗ್ ಫೋಟೋಗಳಿಗೇ ಏದುಸಿರು ಬಿಡುತ್ತದೆ. ಸೆಂಟರಿಗೆ ಫೋನ್ ಮಾಡಿದೆ.

"ಓಪನ್ ಆಗ್ತಿಲ್ಲಮ್ಮ. ಅದರಲ್ಲಿ ಏನಿದೆ ಅಂತ ಸ್ವಲ್ಪ ಹೇಳ್ತೀಯಾ?"

"ಫೋನಲ್ಲಿ ಹೇಳೋ ಹಾಗಿಲ್ಲ ಮೇಡಂ. ಡಾಕ್ಟ್ರನ್ನ ಬಂದು ನೋಡಿ."

"ಒಂದೇ ಮಾತು... ಚೆನ್ನಾಗಿದ್ಯಾ, ಇಲ್ವಾ?"

"ಸೋಮವಾರ ಡಾಕ್ಟ್ರನ್ನ ನೋಡಿ ಮೇಡಂ" ಎಂದು ಇಟ್ಟುಬಿಟ್ಟಳು.

ನಿನಗೂ ಅದೇ ಮಾತು ಹೇಳಿದ್ದರು ಅಕ್ಕ. ಅವತ್ತು ನೀನು ಫೋನ್ ಇಟ್ಟು ನನ್ನ ಕಡೆ ತಿರುಗಿ "ಡಾಕ್ಟ್ರನ್ನ ನೋಡ್ಬೇಕಂತೆ, ಚೆನ್ನಾಗಿದಾರೇನೋ ನೋಡೋಕೆ" ಎಂದು ನಕ್ಕಿದ್ದೆ. ಈ ಸಲ ನನಗೆ ನಗು ಬರಲಿಲ್ಲ. ಆ ಮಾತನ್ನು ಅವರು ಎಲ್ಲರಿಗೂ ಹೇಳುತ್ತಾರೆ ಅಂತ ಬುದ್ಧಿಗೆ ಗೊತ್ತು, ಎದೆಗೆ ಎಲ್ಲಿ ಗೊತ್ತಾಗಬೇಕು? ಆಫೀಸಿನ ಕಂಪ್ಯೂಟರಿನಲ್ಲಿ ತೆರೆಯಬಹುದಿತ್ತು. ಆದರೆ ಅಲ್ಲಿ ಕೂರುವವನು ಮಾಲೀಕರ ಸೋದರಳಿಯ, ಗಾಜಿನ ಗೋಡೆ ಬೇರೆ. ಕಾಯಿಲೆಯವಳು ಅಂತ ಗೊತ್ತಾದರೆ ನನ್ನ ಟೇಬಲ್ಲಿಗೆ ಬೇರೆಯವಳು ಬರುತ್ತಾಳೆ. ರೈಲ್ವೆ ಸ್ಟೇಷನ್ ರಸ್ತೆಯ ಜೆರಾಕ್ಸ್ ಅಂಗಡಿಯವನಂತೂ ಓದಿ ಬೀದಿಗೆಲ್ಲ ಹಂಚುತ್ತಾನೆ. ಉಳಿದದ್ದು ನಿನ್ನ ಲ್ಯಾಪ್‌ಟಾಪು.

ನಿನ್ನ ಕೋಣೆಯ ಬೀರುವಿನಲ್ಲಿ, ನಿನ್ನ ಕಾಟನ್ ಸೀರೆಗಳ ಕೆಳಗೆ ಅದನ್ನು ಇಟ್ಟಿದ್ದೆ. ಮುಚ್ಚಳದ ಮೇಲೆ ನೀನು ಆಯುಧಪೂಜೆಗೆ ಇಟ್ಟ ಕುಂಕುಮದ ಬೊಟ್ಟು ಇನ್ನೂ ಇದೆ. ಚೈತ್ರ ಅಡುಗೆಮನೆಯಲ್ಲಿದ್ದಳು. ಅವತ್ತು ಅವಳೇ ಹೇಳಿಸಿಕೊಳ್ಳದೆ ಪಾತ್ರೆ ತೊಳೆದು, ಅನ್ನಕ್ಕಿಟ್ಟು, ನನಗೆ ಕಾಫಿಯನ್ನೂ ಮಾಡಿ ತಂದುಕೊಟ್ಟಳು. ಇವಳಿಗೆ ಗೆಳತಿಯರ ಜೊತೆ ನಂದಿಬೆಟ್ಟಕ್ಕೆ ಹೋಗಬೇಕೇನೋ, ಅದಕ್ಕೇ ಇಷ್ಟು ಬೆಣ್ಣೆ ಎಂದುಕೊಂಡೆ. "ಪಿ.ಎಫ್. ಕೆಲಸ ಇದೆ ಕಣೇ" ಎಂದು ಹೇಳಿ ಬಾಗಿಲು ಓರೆ ಮಾಡಿಕೊಂಡೆ.

ನೀನು ಹೇಳಿಕೊಟ್ಟದ್ದೆಲ್ಲ ನೆನಪಿತ್ತು. "ಮೇಲ್ ಒಳಗಿಂದಾನೇ ತೆರೀಬೇಡ ಕಣೇ. ಮೊದ್ಲು ಸೇವ್ ಮಾಡು, ಆಮೇಲೆ ತೆರಿ." ನನ್ನ ಫೋನಿನ ಹಾಟ್‌ಸ್ಪಾಟ್ ಹಾಕಿ, ಫೈಲನ್ನು ಸೇವ್ ಮಾಡಿ ತೆರೆದೆ. ವರ್ಡ್ ಒಂದು ಕ್ಷಣ ಯೋಚಿಸಿ, ಫೈಲ್ ಹಾಳಾಗಿದೆ, ತೆರೆಯಲಾಗುವುದಿಲ್ಲ ಎಂದಿತು. ಬಲಗಡೆ ಬಟನ್ ಒತ್ತಿ ಪ್ರಾಪರ್ಟೀಸಿಗೆ ಹೋದೆ. ಹೊರಗಿನಿಂದ ಬಂದ ಫೈಲನ್ನು ಕಂಪ್ಯೂಟರ್ ತಾನೇ ತಡೆದಿರುತ್ತದೆ, ಅಲ್ಲಿ ಅನ್‌ಬ್ಲಾಕ್ ಅಂತ ಇರುತ್ತದೆ ಎಂದಿದ್ದೆಯಲ್ಲ. ಟಿಕ್ ಹಾಕಿದೆ. ಆಗಲಿಲ್ಲ. ವರ್ಡ್ ಒಳಗಿಂದ ಹೋಗಿ ರಿಪೇರಿ ಮಾಡಿ ತೆರೆ ಎಂದೆ. ಅದೂ ಸ್ವಲ್ಪ ಹೊತ್ತು ತಿರುಗಿ ಕೈಚೆಲ್ಲಿತು. ನಿಜ ಹೇಳಲಾ? ಪ್ರತಿ ಸಲ ಅದು ಆಗುವುದಿಲ್ಲ ಎಂದಾಗಲೂ ನನಗೆ ಒಳಗೊಳಗೇ ಸಮಾಧಾನವಾಗುತ್ತಿತ್ತು. ತೆರೆಯದಿದ್ದಷ್ಟು ಹೊತ್ತು ನಾನು ಚೆನ್ನಾಗಿದ್ದೆ. ಹಾಗಂತ ಬಿಡಲೂ ಆಗುತ್ತಿರಲಿಲ್ಲ. ಇನ್ನೊಂದು ಸಲ, ಇನ್ನೊಂದೇ ಒಂದು ಸಲ ಎಂದು ಒತ್ತುತ್ತಲೇ ಇದ್ದೆ.

ವಾರಪತ್ರಿಕೆಯ ಧಾರಾವಾಹಿಯನ್ನೂ ನೀನು ಕೊನೆಯಿಂದಲೇ ಓದುತ್ತಿದ್ದೆ. "ಕೊನೆಗೇನಾಯ್ತು ಅಂತ ಗೊತ್ತಾದ್ರೆ ಮಿಕ್ಕಿದ್ದು ಆರಾಮಾಗಿ ಓದ್ಬಹುದು" ಅನ್ನುತ್ತಿದ್ದೆ. ನಿನ್ನ ರಿಪೋರ್ಟನ್ನೂ ಹಾಗೇ ಓದಿದ್ದು, ನಾವಿಬ್ಬರೂ ಇದೇ ಲ್ಯಾಪ್‌ಟಾಪಿನ ಮುಂದೆ ಒಂದೇ ದಿಂಬಿಗೆ ಒರಗಿಕೊಂಡು. ನನಗೂ ಅದೇ ಅಭ್ಯಾಸ ಅಂಟಿದೆ. ಮತ್ತೆ ಡೌನ್‌ಲೋಡ್ ಆದ ಫೈಲುಗಳ ಸಾಲಿಗೆ ಹೋಗಿ ರಿಪೋರ್ಟ್ ಅಂತ ಇದ್ದದ್ದನ್ನು ಒತ್ತಿದೆ. ಈ ಸಲ ತೆರೆದುಕೊಂಡಿತು. ಅದೇ ಸೆಂಟರಿನ ನೀಲಿ ತಲೆಬರಹ. ಸೀದಾ ಕೊನೆಯ ಸಾಲಿಗೆ ಇಳಿದೆ. ಮ್ಯಾಲಿಗ್ನಂಟ್.

ಆ ಪದಕ್ಕೆ ಕ್ಯಾನ್ಸರ್ ಅಂತ ಅರ್ಥ ಎಂದು ನಮಗೆ ಯಾರೂ ಹೇಳಬೇಕಾಗಿಲ್ಲ ಅಲ್ಲವಾ ಅಕ್ಕ? ನಾನು ಕೂಗಲಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡೆ. ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯುತ್ತಿತ್ತು. ನಿನ್ನ ತಲೆಗೂದಲು ಬಾಚಣಿಗೆಯಲ್ಲಿ ಬಂದದ್ದು, ನಿನ್ನನ್ನು ಆಟೋದಿಂದ ಇಳಿಸಿಕೊಳ್ಳುವಾಗ ನೀನು ಮಗುವಿನಷ್ಟು ಹಗುರವಾಗಿದ್ದದ್ದು, ಎಲ್ಲ ನನ್ನ ಮೈಮೇಲೆ ನಡೆಯುತ್ತಿರುವ ಹಾಗೆ ಕಂಡಿತು. ಚೈತ್ರಳನ್ನು ಯಾರ ಮನೆಗೆ ಕಳಿಸುವುದು ಅಂತ ಕೂಡ ಯೋಚಿಸಿಬಿಟ್ಟೆ. ಅತ್ತೆ ಮನೆಗಾ, ಹಾಸ್ಟೆಲ್ಲಿಗಾ... ಎಷ್ಟೋ ಹೊತ್ತಿನ ಮೇಲೆ, ಡಾಕ್ಟರ ಹೆಸರೇನೆಂದು ನೋಡಲು ಮೇಲಕ್ಕೆ ಹೋದೆ. ಹೆಸರಿನ ಜಾಗದಲ್ಲಿ ಸುಮಾ ಎಂದಿತ್ತು. ನಿನ್ನ ಹೆಸರು, ನಿನ್ನ ವಯಸ್ಸು. ಅದು ನಿನ್ನ ಹಳೆಯ ರಿಪೋರ್ಟು. ನನ್ನದು ಅದರ ಪಕ್ಕದಲ್ಲೇ, ಅದೇ ಹೆಸರಿನ ಮುಂದೆ ಒಂದು ಅಂಕಿ ಸೇರಿಸಿಕೊಂಡು, ಬಾಯಿ ಮುಚ್ಚಿಕೊಂಡು ಕೂತಿತ್ತು.

ಆಗ ನನಗಾದದ್ದು ಸಂತೋಷವಾ? ಆಗಿದ್ದರೆ ಅದು ಎಂಥ ಸಂತೋಷ? ನಿನ್ನ ಹೆಸರು ಕಂಡು ಅಬ್ಬಾ ಎಂದ ನನ್ನ ಮೇಲೆ ನನಗೇ ಕೋಪ ಬಂತು. ಆ ಅಬ್ಬಾ ಕೂಡ ಒಂದು ನಿಮಿಷದ್ದು. ನನ್ನದು ಇನ್ನೂ ತೆರೆದೇ ಇರಲಿಲ್ಲವಲ್ಲ. ಅದರೊಳಗೂ ಇದೇ ಪದ ಇರಬಹುದಲ್ಲ.

ನಿನ್ನ ಲ್ಯಾಪ್‌ಟಾಪಿನ ಮುಚ್ಚಳದ ಕೀಲು ಮುರಿದಾಗ ನೀನು ಹುಡುಕಿ ಹೋಗಿದ್ದ ಫಯಾಜ್ ಇದ್ದಾನಲ್ಲ, ಮೇದರಹಳ್ಳಿ ಕಡೆ ಕಂಪ್ಯೂಟರ್ ರಿಪೇರಿ ಅಂಗಡಿ, ಭಾನುವಾರ ಬೆಳಗ್ಗೆ ಅವನ ಬಳಿಗೆ ಹೋದೆ. ಈಗ ಅವನಿಗೆ ಗಡ್ಡ ಅರ್ಧ ಬೆಳ್ಳಗಾಗಿದೆ. ಲ್ಯಾಪ್‌ಟಾಪ್ ನೋಡಿದ್ದೇ ಗುರುತು ಹಿಡಿದ.

"ಇದು ಸುಮಕ್ಕಂದು ಅಲ್ವಾ? ಅವರು ಹೇಗಿದಾರೆ?"

"ಇಲ್ಲ ಫಯಾಜ್. ಹೋದ್ರು."

ಅವನು ಕುಂಕುಮದ ಬೊಟ್ಟಿಗೆ ಬೆರಳು ತಾಗದ ಹಾಗೆ ಮುಚ್ಚಳವನ್ನು ಮೆಲ್ಲಗೆ ತೆರೆದ. "ಫೈಲ್ ತೆರೀಬೇಕು, ಆದ್ರೆ ನೀನು ಓದ್ಬಾರ್ದು" ಎಂದೆ. ಅವನು ನಗಲಿಲ್ಲ.

"ತೆರ್‍ಯೋದೇ ಇಲ್ಲ ಬಿಡಕ್ಕ, ಹೊರಗಿಂದಾನೇ ನೋಡ್ತೀನಿ. ಸೈಜ್ ನೋಡಿ ಇಲ್ಲಿ, ಮೇಲ್‌ನಲ್ಲಿ ಇರೋದಕ್ಕೂ ಇದಕ್ಕೂ ಅರ್ಧಕ್ಕರ್ಧ ವ್ಯತ್ಯಾಸ. ನಿಮ್ ನೆಟ್ ಮಧ್ಯದಲ್ಲಿ ಕಟ್ ಆಗೈತೆ, ಫೈಲ್ ಅರ್ಧಾನೇ ಬಂದೈತೆ. ಅರ್ಧ ಫೈಲ್ನ ವರ್ಡ್ ಎಲ್ಲಿಂದ ತೆರ್‍ಯುತ್ತೆ? ಅದಕ್ಕೆ ಏನ್ ರಿಪೇರಿ ಮಾಡಿದ್ರೂ ಆಗಲ್ಲ."

ಅವನ ಅಂಗಡಿಯ ನೆಟ್ಟಿನಲ್ಲಿ ಇನ್ನೊಮ್ಮೆ ಇಳಿಸಿದ. ಹಸಿರು ಪಟ್ಟಿ ತುದಿಯವರೆಗೆ ತುಂಬುವುದನ್ನು ನೋಡುತ್ತಾ ನಿಂತೆ. "ಬಂತು. ಈಗ ಡಬಲ್ ಕ್ಲಿಕ್ ಮಾಡಿದ್ರೆ ಸಾಕು. ನಾನು ಹೊರಗೆ ಹೋಗಿ ಟೀ ಕುಡ್ಕೊಂಡ್ ಬರ್ತೀನಿ, ನೀವು ನೋಡ್ಕೊಳ್ಳಿ" ಎಂದು ಎದ್ದ. "ಇಲ್ಲಿ ಬೇಡ" ಎಂದು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಂದುಬಿಟ್ಟೆ. ಬಲಗಡೆ ತಾಗದ ಹಾಗೆ ಎಡಗಡೆಗೆ ಅವಚಿಕೊಂಡಿದ್ದೆ, ಮನೆ ತಲುಪಿದ ಮೇಲೆ ಅದು ಗಮನಕ್ಕೆ ಬಂತು.

ಈಗ ನನಗೆ ನೆಪವೇ ಉಳಿದಿರಲಿಲ್ಲ. ಫೈಲು ಪೂರ್ತಿ ಇದೆ, ವರ್ಡ್ ಸರಿಯಾಗಿದೆ, ನೆಟ್ಟೂ ಬೇಕಾಗಿಲ್ಲ. ನಿನ್ನ ಮಂಚದ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ, ಬಾಣವನ್ನು ಫೈಲಿನ ಮೇಲೆ ತಂದು ನಿಲ್ಲಿಸಿ, ಕೈ ತೆಗೆದೆ. ಮತ್ತೆ ಇಟ್ಟೆ, ಮತ್ತೆ ತೆಗೆದೆ. ಅಷ್ಟರಲ್ಲಿ ಚೈತ್ರ ಬಂದು ಬಾಗಿಲಲ್ಲಿ ನಿಂತಳು. ನಾನು ಮುಚ್ಚಳ ಮುಚ್ಚಿದೆ.

"ಓಪನ್ ಆಗ್ಲಿಲ್ವಾ ಚಿಕ್ಕಮ್ಮ?"

"ಏನು?"

"ರಿಪೋರ್ಟು."

ಅವಳು ಕೈಲಿದ್ದ ಫೋನನ್ನು ತಿರುಗಿಸಿ ತೋರಿಸಿದಳು. ಅದೇ ಮೇಲ್. ಅವಳ ಫೋನಿಗೂ ನೀನೇ ಅಲ್ಲವಾ ಆ ಐಡಿ ಹಾಕಿಕೊಟ್ಟದ್ದು? ಆ ಹಳೆಯ ಫೋನಿನಿಂದ ಹೊಸದಕ್ಕೂ ಅವಳು ಅದನ್ನೇ ತಂದುಕೊಂಡಿದ್ದಳು. ನಾನು ಮಾತ್ರ, ನನ್ನ ಫೋನಿಗೆ ಬಂದ ಮೇಲ್ ನನ್ನ ಫೋನಿಗಷ್ಟೇ ಬಂದಿದೆ ಅಂದುಕೊಂಡಿದ್ದೆ. ಶನಿವಾರ ನಾನು ಡ್ರಮ್ಮುಗಳ ಹಿಂದೆ ನಿಂತಿದ್ದ ಹೊತ್ತಿಗೆ ಅವಳು ಕಾಲೇಜಿನಲ್ಲಿ ನನ್ನ ಹೆಸರನ್ನೂ ಆ ಸೆಂಟರಿನ ಹೆಸರನ್ನೂ ಓದಿಯಾಗಿತ್ತು. ತೊಳೆದ ಪಾತ್ರೆ, ಕೈಗೆ ಬಂದ ಕಾಫಿ, ಎಲ್ಲ ಆಗ ಅರ್ಥವಾಯಿತು. ನಂದಿಬೆಟ್ಟವಂತೆ, ನನ್ನ ಬುದ್ಧಿಗಿಷ್ಟು.

"ನೀನು ತೆರೆದು ನೋಡಿದ್ಯಾ?" ಎಂದೆ.

"ನನ್ ಫೋನಲ್ಲಿ ಓಪನ್ ಆಗುತ್ತೆ. ನಾನೇ ಮಾಡ್ಲಿಲ್ಲ." ಅವಳು ಫೋನನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. "ಭಯ ಆಯ್ತು ಚಿಕ್ಕಮ್ಮ. ನೀನಾಗೇ ಹೇಳ್ತೀಯ ಅಂತ ಕಾಯ್ತಿದ್ದೆ. ನೀನ್ ನೋಡಿದ್ರೆ ಪಿ.ಎಫ್. ಅಂತೀಯ."

ಒಂದೇ ಮನೆಯಲ್ಲಿ, ಗೋಡೆಯ ಆಚೆ ಅವಳು, ಈಚೆ ನಾನು, ಒಂದೇ ಫೈಲನ್ನು ಹಿಡಿದುಕೊಂಡು ಹೆದರುತ್ತಾ ಕೂತಿದ್ದೆವು ಅಕ್ಕ. ಅವಳಿಗೆ ಭಯವಾಗಬಾರದು ಅಂತ ನಾನು ಬಾಗಿಲು ಓರೆ ಮಾಡಿದೆ, ಅವಳು ಆ ಬಾಗಿಲ ಹೊರಗೆ ಒಬ್ಬಳೇ ಹೆದರಿದಳು. ಅವಳನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡೆ. ಇಬ್ಬರೂ ಅತ್ತೆವು. ಆಮೇಲೆ ಅವಳೇ ಮೂಗು ಒರೆಸಿಕೊಂಡು ಲ್ಯಾಪ್‌ಟಾಪ್ ತೆರೆದಳು.

"ಸೀದಾ ಕೊನೆಗೆ ಹೋಗು" ಎಂದೆ.

"ಬೇಡ. ಅಮ್ಮನ ಥರ ಓದೋದ್ ಬೇಡ. ಮೊದಲಿಂದ ಓದ್ತೀನಿ."

ಡಬಲ್ ಕ್ಲಿಕ್ ಮಾಡಿದಳು. ಮೇಲೆ ಹಳದಿ ಪಟ್ಟಿಯೊಂದು ಎಚ್ಚರ ಎಂದಿತು, ಕೆಳಗೆ ಪುಟ ತೆರೆದುಕೊಂಡಿತು. ಅವಳು ನನ್ನ ಹೆಸರು ಓದಿದಳು, ವಯಸ್ಸು ಓದಿದಳು, ಗಂಟಿನ ಅಳತೆ ಓದಿದಳು. ಒಂದೊಂದು ಸಾಲಿಗೂ ಅವಳ ಉಗುರು ನನ್ನ ಅಂಗೈಗೆ ಇಳಿಯುತ್ತಿತ್ತು. ನನ್ನ ಕಣ್ಣು ತಡೆಯದೆ ಕೊನೆಗೆ ಜಾರಿತು, ಅಲ್ಲಿ ಮತ್ತೆ ಅದೇ ಪದ ಕಂಡಿತು, ಮ್ಯಾಲಿಗ್ನಂಟ್. ನನಗೆ ಕಿವಿ ಮುಚ್ಚಿದ ಹಾಗಾಯಿತು. ಅವಳು ಓದುತ್ತಲೇ ಇದ್ದಳು, ಪಾಠ ಓದುವವಳ ಹಾಗೆ ಒಂದೊಂದೇ ಪದ ಬಿಡಿಸಿ, ಆ ಸಾಲಿಗೂ ಬಂದಳು. ಮ್ಯಾಲಿಗ್ನಂಟ್ ಕಣಗಳು ಕಂಡುಬಂದಿಲ್ಲ ಅಂತ ಇತ್ತು. "ಇಲ್ಲ ಅಂತ ಇದೆ ಚಿಕ್ಕಮ್ಮ. ಇಲ್ಲ ಅಂತ." ಆ ಸಾಲನ್ನು ಅವಳಿಂದ ಎಷ್ಟು ಸಲ ಓದಿಸಿದೆನೋ ಲೆಕ್ಕವಿಲ್ಲ.

ಸೋಮವಾರ ಇಬ್ಬರೂ ಡಾಕ್ಟರ ಬಳಿ ಹೋದೆವು. ಇದು ಅಪಾಯದ ಗಂಟಲ್ಲ ಎಂದರು. ಆದರೆ ನಿನ್ನ ವಿಷಯ ಕೇಳಿದ ಮೇಲೆ ಕನ್ನಡಕ ತೆಗೆದು, "ಮನೇಲಿ ಅಕ್ಕಂಗೆ ಬಂದಿತ್ತು ಅಂದ್ಮೇಲೆ ನೀವು ವರ್ಷ ವರ್ಷ ತೋರಿಸ್ಕೋಬೇಕು. ಅವ್ರ ಮಗಳೂ ಅಷ್ಟೇ, ಇನ್ನು ಕೆಲವು ವರ್ಷ ಆದ್ಮೇಲೆ ಶುರು ಮಾಡ್ಬೇಕು" ಎಂದರು. ಚೈತ್ರ ತಲೆಯಾಡಿಸಿದಳು. ಅವಳು ನಿನ್ನ ಹಾಗೇ ತಲೆಯಾಡಿಸುತ್ತಾಳೆ, ಸ್ವಲ್ಪ ಬಲಕ್ಕೆ ವಾಲಿಸಿ. ಭಯ ಹೋಗಿಲ್ಲ ಅಕ್ಕ, ಸುಳ್ಳೇಕೆ ಹೇಳಲಿ. ಈಗಲೂ ಸ್ನಾನಕ್ಕೆ ಹೋದರೆ ಕೈ ಅಲ್ಲಿಗೇ ಹೋಗುತ್ತದೆ. ಇವಳು ಬಚ್ಚಲಿನಿಂದ ಬರುವುದು ತಡವಾದರೆ ಬಾಗಿಲು ತಟ್ಟುತ್ತೇನೆ, ಬೈಸಿಕೊಳ್ಳುತ್ತೇನೆ. ಆದರೆ ಇನ್ನು ಮೇಲೆ ನಾನು ಆ ಬಾಗಿಲನ್ನು ಓರೆ ಮಾಡಿಕೊಂಡು ಕೂರುವುದಿಲ್ಲ. ನಿನಗೆ ಕೊಡುವ ಮಾತು ಇದು.

ಹೊರಡುವಾಗ ಕೌಂಟರಿನ ಹುಡುಗಿ ಮುಂದಿನ ವರ್ಷ ನೆನಪಿಸಲು ಮೇಲ್ ಐಡಿ ಕೇಳಿದಳು. ಹೊಸದೊಂದು ಮಾಡಿಸಬೇಕು ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಚೈತ್ರ ನಿನ್ನದನ್ನು ಹೇಳಿಯಾಗಿತ್ತು. ಹುಡುಗಿ ಟೈಪ್ ಮಾಡಿ, ನಮ್ಮಿಬ್ಬರ ಮುಖ ನೋಡಿದಳು.

"ಸುಮಾ ಅಂದ್ರೆ ಯಾರು ಮೇಡಂ?"

"ನಮ್ಮಮ್ಮ" ಎಂದಳು ಚೈತ್ರ.

"ಅವರು ಮೇಲ್ ನೋಡ್ತಿರ್ತಾರಲ್ವಾ?"

ಚೈತ್ರ ನನ್ನ ಕಡೆ ತಿರುಗಲಿಲ್ಲ. "ನೋಡ್ತಾರೆ" ಎಂದಳು.

ಬರುವ ಯುಗಾದಿ ಕಳೆದ ಮೇಲೆ ನಿನಗೆ ಮತ್ತೆ ಒಂದು ಮೇಲ್ ಬರುತ್ತದೆ ಅಕ್ಕ. ಬಂದರೆ ಆತುರಪಟ್ಟು ಕೊನೆಯಿಂದ ಓದಬೇಡ. ನಾವಿಬ್ಬರೂ ಬಂದು ನಿನ್ನ ಮಂಚದ ಮೇಲೆ ಕೂರುವವರೆಗೆ ಕಾಯಿ.

ನಿನ್ನ ರತ್ನಿ